ಕೊಳಗವನ್ನು ಎಲ್ಲಿಡೋಣ?



ಸಾಗರದ ನಿಮ್ಮ ಸಂಗ್ರಹಾಲಯದ ಹಿಂಬದಿಯ ಎರಡು ಕೋಣೆಗಳು ಈಗ ಖಾಲಿಯಾಗಿವೆ. ಅಲ್ಲಿ ಹೊಸದಾಗಿ ಏನನ್ನು ಪ್ರದರ್ಶನಕ್ಕಿಡಬಹುದು ಎಂಬುದರ ಬಗ್ಗೆ ಮಾತಾಡಿ ಎಂದು ಸಮಿತಿಯವರು ಕೇಳಿದರು. ಸಂಗ್ರಹಾಲಯಗಳ ಕೆಲಸದಲ್ಲೇ ಆಯುಷ್ಯ ಕಳೆದ ನನಗೆ ಇದಕ್ಕಿಂತ ಪ್ರಿಯವಾದ ವಿಷಯ ಇನ್ನೊಂದಿಲ್ಲ. ನಿನ್ನೆ ಮಧ್ಯಾಹ್ನವೇ ಬಂದು, ಬೀಗ ತೆಗೆಸಿ, ಸಂಜೆಯವರೆಗೆ ಉಗ್ರಾಣದಲ್ಲಿ ಕೂತಿದ್ದೆ. ಮೂಲೆಯ ಮೇಜಿನ ಕೆಳಗೆ, ಹಳೆಯ ಲಾಟೀನುಗಳ ಹಿಂದೆ, ಧಾನ್ಯ ಅಳೆಯುವ ಒಂದು ಮರದ ಕೊಳಗ ಸಿಕ್ಕಿತು. ಬಾಯಿಗೆ ಕಬ್ಬಿಣದ ಪಟ್ಟಿ, ಒಳಗೆ ಭತ್ತ ಉಜ್ಜಿ ಉಜ್ಜಿ ನುಣುಪಾದ ಮೈ. ನಾನು ಹೇಳಬೇಕಾದದ್ದೆಲ್ಲ ಆ ಕೊಳಗದ ಸುತ್ತಲೇ ಇದೆ. ಹಾಗಾಗಿ ಇವತ್ತಿನ ಮಾತನ್ನು ಅದನ್ನು ಎಲ್ಲಿಡೋಣ ಎಂಬ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ.

ಸಮಿತಿಯ ಹಿರಿಯರೊಬ್ಬರು ನಿನ್ನೆ ಒಂದು ಸಲಹೆ ಕೊಟ್ಟರು. ಒಂದು ಕೋಣೆಯನ್ನು ಕೆಳದಿ ಅರಸರಿಗೆ ಮೀಸಲಿಡೋಣ, ಕತ್ತಿ, ನಾಣ್ಯ, ರಾಣಿ ಚೆನ್ನಮ್ಮಾಜಿಯ ದೊಡ್ಡ ಚಿತ್ರ ಇರಲಿ ಎಂದರು. ಅವರ ಅಭಿಮಾನಕ್ಕೆ ನನ್ನ ನಮಸ್ಕಾರ. 1499ರಿಂದ 1763ರವರೆಗೆ, ಹೈದರಾಲಿ ಬಿದನೂರನ್ನು ಹಿಡಿಯುವ ತನಕ ಈ ನೆಲವನ್ನು ಆಳಿದ ಮನೆತನವದು. ಆದರೆ ಅವರ ಕಥೆ ಹೇಳಲು ನಿಮ್ಮ ಮಗ್ಗುಲಲ್ಲೇ ಕೆಳದಿಯ ಸಂಗ್ರಹಾಲಯವಿದೆ. ಗುಂಡಾ ಜೋಯಿಸರು ಬದುಕಿಡೀ ಓಡಾಡಿ ಕೂಡಿಸಿದ ತಾಳೆಗರಿ, ಕಡತಗಳು ಅಲ್ಲಿವೆ. ಶಿವಮೊಗ್ಗದಲ್ಲಿ ಶಿವಪ್ಪನಾಯಕನ ಅರಮನೆ ಎಂದು ಕರೆಯುವ ಕಟ್ಟಡದಲ್ಲಿ ಶಿಲ್ಪಗಳಿವೆ. ಅವರು ಚೆನ್ನಾಗಿ ಹೇಳುತ್ತಿರುವುದನ್ನು ನಾವು ಒಂದು ಸಣ್ಣ ಕೋಣೆಯಲ್ಲಿ ಅರೆಬರೆಯಾಗಿ ಮತ್ತೆ ಹೇಳುವುದು ಬೇಡ. ಅಲ್ಲಿ ಸಿಗದೆ ಇರುವುದನ್ನು ಇಡೋಣ. ಅರಸರನ್ನು ಬಿಡಬೇಕೆಂದೂ ಇಲ್ಲ. ಅವರು ಈ ಕೋಣೆಗೆ ಅಳತೆಯ ದಾರಿಯಿಂದ ಬರಲಿ.

ಕೆಳದಿಯ ಅರಸ ಶಿವಪ್ಪನಾಯಕನ ಶಿಸ್ತು ಎಂಬ ಮಾತನ್ನು ಇಲ್ಲಿ ಕೇಳದವರಿಲ್ಲ. ಆ ಶಿಸ್ತು ಎಂದರೆ ನಾವು ಈಗ ಶಾಲೆಯಲ್ಲಿ ಹೇಳುವ ಶಿಸ್ತಲ್ಲ, ಭೂಮಿಯ ಕಂದಾಯದ ನಿಗದಿ. ಹದಿನೇಳನೆಯ ಶತಮಾನದ ನಡುವೆ ಅವನು ಹೊಲ, ತೋಟಗಳ ಹುಟ್ಟುವಳಿಯನ್ನು ನೋಡಿಸಿ ತೆರಿಗೆ ಗೊತ್ತುಮಾಡಿದ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದಲ್ಲಿ ಅಡಿಕೆ ತೋಟ ಅಳೆಯುವ ಕೋಲಿನ ಪ್ರಮಾಣವನ್ನು ಗುರುತಿಸಿದ್ದರೆಂದೂ ಅದು 18 ಅಡಿ 6 ಅಂಗುಲವೆಂದೂ ಹಳೆಯ ಗೆಜೆಟಿಯರಿನಲ್ಲಿದೆ. ದೇವರ ಎದುರಿನ ಕಲ್ಲಿನಲ್ಲಿ ಅಳತೆ ಇದ್ದರೆ ಯಾವ ಶಾನುಭೋಗನೂ ಅದನ್ನು ಹಿಗ್ಗಿಸಲಾರ, ಕುಗ್ಗಿಸಲಾರ. ಆ ಉದ್ದದ ಒಂದು ತೆಂಗಿನ ನಾರಿನ ಹಗ್ಗವನ್ನು ನಿಮ್ಮ ಕೋಣೆಯ ನೆಲದ ಮೇಲೆ ಹಾಸಿ. ಮಕ್ಕಳು ಅದರುದ್ದಕ್ಕೂ ಹೆಜ್ಜೆ ಹಾಕಲಿ. ಶಿವಪ್ಪನಾಯಕನ ಆಳ್ವಿಕೆಯ ಇಸವಿ ಅವರು ಮರೆತಾರು, ಹಗ್ಗಕ್ಕೆ ಎಷ್ಟು ಹೆಜ್ಜೆ ಬಿದ್ದವು ಎನ್ನುವುದನ್ನು ಮರೆಯುವುದಿಲ್ಲ.

ಆ ಹಗ್ಗದ ಇನ್ನೊಂದು ತುದಿಯಲ್ಲಿ ಕೊಳಗ ಇರಲಿ.

ಇಲ್ಲೇ ಹತ್ತಿರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತರು. ರೈತ ಮುಖಂಡ ಗಣಪತಿಯಪ್ಪನವರು ಮುಂದೆ ನಿಂತರು, ಸಮಾಜವಾದಿ ನಾಯಕರಾದ ಗೋಪಾಲಗೌಡರು ಬಂದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮುಂದೆ 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆಯ ಕಾನೂನು ಜಾರಿಗೆ ಬಂತು. ಇದೆಲ್ಲ ಪಾಠದ ಪುಸ್ತಕದಲ್ಲಿ ಒಂದೆರಡು ಸಾಲಾಗಿ ಇದೆ. ಆದರೆ ಆ ಜಗಳ ಕಣದಲ್ಲಿ, ಕೊಳಗದ ಬಾಯಿಯಲ್ಲಿ ಹುಟ್ಟಿತು ಎನ್ನುವುದನ್ನು ಎಷ್ಟು ಮಕ್ಕಳು ಬಲ್ಲರು? ಗೇಣಿ ಭತ್ತವನ್ನು ಯಾರ ಕೊಳಗದಲ್ಲಿ ಅಳೆಯುವುದು, ಒಡೆಯರ ಮನೆಯದ್ದರಲ್ಲೋ ಸರಕಾರ ಒಪ್ಪಿದ್ದರಲ್ಲೋ ಎಂಬುದು ಅಲ್ಲಿಯ ಪ್ರಶ್ನೆಯಾಗಿತ್ತು. ಕೊಳಗ ಒಂದು ಬೆರಳು ದೊಡ್ಡದಾದರೆ, ನೂರು ಸಲ ಅಳೆಯುವಾಗ ಉಳುವವನ ಮನೆಯಿಂದ ಎಷ್ಟು ದಿನದ ಗಂಜಿ ಹೋಗುತ್ತದೆ ಎನ್ನುವುದನ್ನು ಮಾತಿನಲ್ಲಿ ವಿವರಿಸುವುದು ಕಷ್ಟ. ತೋರಿಸುವುದು ಸುಲಭ. ನೋಡಲು ಒಂದೇ ತರಹ ಕಾಣುವ ಎರಡು ಕೊಳಗ ಹೊಸದಾಗಿ ಮಾಡಿಸಿ, ಒಂದು ಸ್ವಲ್ಪ ದೊಡ್ಡದು. ಪಕ್ಕದಲ್ಲಿ ಒಂದು ಮೂಟೆ ಭತ್ತ ಇಡಿ. ಬಂದವರು ತಾವೇ ಅಳೆಯಲಿ. ಭತ್ತ ಚೆಲ್ಲುತ್ತದೆ, ಗುಡಿಸಬೇಕಾಗುತ್ತದೆ, ಇಲಿಯ ಕಾಟವೂ ಇರುತ್ತದೆ. ಸಂಜೆ ಡಬ್ಬಿಗೆ ತುಂಬಿ ಮುಚ್ಚಿಡಿ. ಅಷ್ಟು ಕೆಲಸಕ್ಕೆ ನಾವು ಸಿದ್ಧರಿರಬೇಕು.

ಇನ್ನು ಹಳೆಯ ಕೊಳಗದ ಮುಂದೆ ಏನು ಬರೆದಿಡಬೇಕು? ವಸ್ತುವಿನಷ್ಟೇ ಮುಖ್ಯ ಅದರ ಮುಂದಿನ ಚೀಟಿ. ಈಗ ಅದಕ್ಕೆ ಅಂಟಿಸಿರುವ ಕಾಗದದಲ್ಲಿ ಹೀಗಿದೆ: ‘ಕೊಳಗ. ಮರ. ಧಾನ್ಯ ಅಳೆಯುವ ಸಾಧನ.’ ತಪ್ಪಿಲ್ಲ, ಆದರೆ ಓದಿದವರಿಗೆ ಏನೂ ಸಿಕ್ಕುವುದಿಲ್ಲ. ಸಮಿತಿಯ ಯುವಕರೊಬ್ಬರು ನಿನ್ನೆ ಉತ್ಸಾಹದಿಂದ ಬರೆದುಕೊಟ್ಟ ಚೀಟಿ: ‘ಕಾಗೋಡು ಸತ್ಯಾಗ್ರಹಕ್ಕೆ ಕಾರಣವಾದ ಐತಿಹಾಸಿಕ ಕೊಳಗ.’ ಇದನ್ನು ನಾನು ಒಪ್ಪುವುದಿಲ್ಲ. ಇದು ಕಾಗೋಡಿನದೆಂದು ಹೇಳಲು ನಮ್ಮ ಹತ್ತಿರ ಯಾವ ಆಧಾರವೂ ಇಲ್ಲ. ಒಂದು ಸುಳ್ಳು ಚೀಟಿ ಗೊತ್ತಾದ ದಿನ ಉಳಿದ ನೂರು ನಿಜವಾದ ಚೀಟಿಗಳನ್ನೂ ಊರು ನಂಬುವುದಿಲ್ಲ. ರಾತ್ರಿ ಕೂತು ನಾನೊಂದು ಬರೆದೆ, ಓದುತ್ತೇನೆ: ‘ಈ ಕೊಳಗದಲ್ಲಿ ಸಾಗರ ಸೀಮೆಯ ಒಂದು ಮನೆಯವರು ಗೇಣಿ ಭತ್ತ ಅಳೆಸಿಕೊಳ್ಳುತ್ತಿದ್ದರು. ಇಂಥದೇ ಕೊಳಗದ ಅಳತೆಯ ಬಗ್ಗೆ 1951ರಲ್ಲಿ ಕಾಗೋಡಿನ ಗೇಣಿದಾರರು ಪ್ರಶ್ನೆ ಎತ್ತಿದರು. ನಿಮ್ಮ ಮನೆಯವರು ಅಳೆದುಕೊಡುತ್ತಿದ್ದರೋ ಅಳೆಸಿಕೊಳ್ಳುತ್ತಿದ್ದರೋ? ಹಿರಿಯರನ್ನು ಕೇಳಿ.’ ಕೊಟ್ಟ ಮನೆಯವರು ಗೇಣಿಗೆ ಬಳಸುತ್ತಿದ್ದೆವು ಎಂದು ಬಾಯಿಂದ ಹೇಳಿದ್ದಾರಂತೆ. ಅದನ್ನು ಬರಹದಲ್ಲಿ ಪಡೆದ ಮೇಲೆಯೇ ಈ ಚೀಟಿ ಹಾಕಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಅಳೆದುಕೊಟ್ಟವರ ಮೊಮ್ಮಕ್ಕಳೂ ಅಳೆಸಿಕೊಂಡವರ ಮೊಮ್ಮಕ್ಕಳೂ ಇದೇ ಸಭೆಯಲ್ಲಿ ಪಕ್ಕಪಕ್ಕ ಕೂತಿದ್ದೀರಿ. ಹಳೆಯ ಗಾಯ ಕೆರೆಯುವುದು ಯಾಕೆ ಎಂದು ಯಾರಾದರೂ ಕೇಳಬಹುದು. ಗಾಯ ಮಾಯ್ದಿದೆ ಎಂದು ನನಗನ್ನಿಸುವುದು, ಆ ಕೊಳಗವನ್ನು ಒಡೆಯರ ಮನೆಯವರೇ ತಂದುಕೊಟ್ಟಿದ್ದಾರೆ ಎಂಬುದರಿಂದ. ಅವರು ಅಟ್ಟದ ಮೇಲೆ ಬಿಟ್ಟಿದ್ದರೆ ನಾವು ಕೇಳುವಂತಿರಲಿಲ್ಲ. ಕೊಟ್ಟಿದ್ದಾರೆ. ಆ ದೊಡ್ಡತನಕ್ಕೆ ತಕ್ಕ ಹಾಗೆ ಪೂರ್ತಿ ಕಥೆ ಹೇಳುವುದು ನಮ್ಮ ಕೆಲಸ. ಎರಡೂ ಕಡೆಯ ಹಿರಿಯರ ದನಿಯನ್ನು ಧ್ವನಿಮುದ್ರಿಸಿ, ಒಂದು ಗುಂಡಿ ಒತ್ತಿದರೆ ಕೇಳುವ ಹಾಗೆ ಮಾಡಿ. ಆ ಕಾಲ ಕಂಡವರು ಈಗ ಎಂಬತ್ತು ದಾಟಿದ್ದಾರೆ, ತಡ ಮಾಡುವ ಹಾಗಿಲ್ಲ.

ನಾನು ಮೊದಲು ಕೆಲಸ ಮಾಡಿದ ಒಂದು ಸಂಗ್ರಹಾಲಯದ ಅನುಭವ ಹೇಳಬೇಕು. ಅಲ್ಲಿ ಜನ ಅಭಿಮಾನದಿಂದ ತಂದುಕೊಟ್ಟ ವಸ್ತುಗಳನ್ನು ಚೀಲದಲ್ಲಿ ಹಾಗೇ ಇಟ್ಟುಕೊಂಡರು. ಯಾರು ಕೊಟ್ಟರು, ಯಾವ ಊರು, ಮನೆಯಲ್ಲಿ ಅದನ್ನು ಏನೆಂದು ಕರೆಯುತ್ತಿದ್ದರು, ಯಾವುದನ್ನೂ ಬರೆಯಲಿಲ್ಲ. ಹತ್ತು ವರ್ಷದ ನಂತರ ಒಬ್ಬ ಅಜ್ಜಿ ಬಂದು ತನ್ನ ತಾಯಿಯ ಒಂದು ಕುಂಕುಮದ ಭರಣಿ ಕೊಟ್ಟಿದ್ದೆ, ಒಮ್ಮೆ ನೋಡಬೇಕು ಎಂದರು. ಚೀಲಗಳಲ್ಲಿ ಹನ್ನೊಂದು ಭರಣಿ ಇದ್ದವು. ಆಕೆಯ ಕಣ್ಣು ಮಂಜಾಗಿತ್ತು, ಯಾವುದು ತಮ್ಮದೆಂದು ಗುರುತಿಸಲಾಗಲಿಲ್ಲ. ಆ ದಿನ ನನಗಾದ ನಾಚಿಕೆ ಇನ್ನೂ ಆರಿಲ್ಲ. ಅದಕ್ಕೇ ಸಮಿತಿಯವರಲ್ಲಿ ಕೈಮುಗಿದು ಕೇಳುತ್ತೇನೆ: ಗಾಜಿನ ಕಪಾಟು ಮುಂದಿನ ವರ್ಷ ಮಾಡಿಸಿದರೂ ಸರಿ, ಗಟ್ಟಿ ರಟ್ಟಿನ ಒಂದು ದಾಖಲೆ ಪುಸ್ತಕವನ್ನು ನಾಳೆಯೇ ತನ್ನಿ. ಬಂದ ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಕೊಟ್ಟವರ ಒಂದು ಪತ್ರ, ಅವರ ಬಾಯಲ್ಲಿ ಬಂದ ಹೆಸರು. ಹವ್ಯಕರ ಮನೆಯಲ್ಲಿ ಒಂದು ಹೆಸರು, ದೀವರ ಮನೆಯಲ್ಲಿ ಇನ್ನೊಂದು ಇದ್ದರೆ ಎರಡನ್ನೂ ಬರೆಯಿರಿ. ಹೀಗೆ ಬರೆದುಕೊಳ್ಳಲು ಪುರುಸೊತ್ತಿಲ್ಲದಿದ್ದರೆ ಆ ವಸ್ತುವನ್ನು ತೆಗೆದುಕೊಳ್ಳಬೇಡಿ. ಅದು ಅವರ ಮನೆಯಲ್ಲೇ ಹೆಚ್ಚು ಕ್ಷೇಮ.

ಮಲೆನಾಡಿನ ಮಳೆ ನಿಮಗೆ ನಾನು ಹೇಳಿಕೊಡಬೇಕಾದ್ದಲ್ಲ. ಜೂನ್ ಬಂತೆಂದರೆ ಹಾಳೆಯ ಟೋಪಿಗೂ ಚರ್ಮದ ಜೋಡಿಗೂ ಬೂಷ್ಟು ಹಿಡಿಯುತ್ತದೆ. ವಸ್ತುಗಳನ್ನು ಹೊರಗೋಡೆಗೆ ತಾಗಿಸಿ ಇಡಬೇಡಿ, ಒಂದು ಗೇಣು ಬಿಡಿ, ಗಾಳಿಯಾಡಲಿ. ಮರದ ವಸ್ತುಗಳನ್ನು, ಕೆಳಗೆ ಗೆದ್ದಲು ಬಂದರೆ ಕಾಣುವ ಹಾಗೆ, ಕಾಲಿನ ಮೇಲೆ ಎತ್ತರಿಸಿ. ಹಳೆಯ ಫೋಟೋ, ಪತ್ರಗಳಿಗೆ ಲ್ಯಾಮಿನೇಷನ್ ಮಾಡಿಸಲೇಬೇಡಿ, ಮತ್ತೆ ಬಿಡಿಸಲಾಗುವುದಿಲ್ಲ. ನಕಲನ್ನು ಗೋಡೆಗೆ ಹಾಕಿ, ಮೂಲವನ್ನು ಕತ್ತಲಲ್ಲಿಡಿ. ಹಿತ್ತಾಳೆಯನ್ನು ಹುಣಸೆಹಣ್ಣಿನಲ್ಲಿ ಉಜ್ಜುವ ಸಂಭ್ರಮವೂ ಬೇಡ. ಉಜ್ಜಿದಾಗ ಕೈಹಿಡಿದವರ ಗುರುತೂ ಹೋಗುತ್ತದೆ.

ಹಸೆ ಚಿತ್ತಾರದ ವಿಚಾರದಲ್ಲಿ ಮಾತ್ರ ಉಳಿಸುವ ಹಟ ಬಿಡಬೇಕು. ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಬರೆಯುವ ಆ ಗೆರೆಗಳು ಮದುವೆಗೆಂದು ಹುಟ್ಟಿ ಆಮೇಲೆ ಮಾಸುತ್ತವೆ. ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲೂ ಅವರೇ ಬರೆಯುತ್ತಾರೆ. ಅದನ್ನು ಪ್ಲೈವುಡ್ಡಿನ ಮೇಲೆ ಬಣ್ಣದ ಡಬ್ಬಿಯಲ್ಲಿ ಬರೆಸಿ ಗಾಜು ಹಾಕಿದರೆ ವರ್ಷಗಟ್ಟಲೆ ಉಳಿದೀತು, ಆದರೆ ಚಿತ್ತಾರ ಆಗಿ ಉಳಿಯುವುದಿಲ್ಲ. ಎರಡನೆಯ ಕೋಣೆಯ ಒಂದು ಗೋಡೆಯನ್ನು ಮಣ್ಣಿನಿಂದ ಸಾರಿಸಿ ಬಿಡಿ. ಪ್ರತಿವರ್ಷ ಭೂಮಿ ಹುಣ್ಣಿಮೆಗೆ ಮೊದಲು ಬರೆಯುವವರನ್ನು ಕರೆದು, ನ್ಯಾಯವಾದ ಕೂಲಿ ಕೊಟ್ಟು, ಅವರ ಹೆಸರು ಹಾಕಿ ಬರೆಸಿ. ಮಾಸಿದ್ದನ್ನು ಸಾರಿಸಿ ಮತ್ತೆ ಬರೆಸಿ. ಅವರು ಬರೆಯುವ ದಿನವೇ ನಿಮ್ಮ ಅತ್ಯುತ್ತಮ ಪ್ರದರ್ಶನ.

ಅದೇ ಕೋಣೆಯ ಉಳಿದ ಜಾಗ ನೀರಿಗೆ ಇರಲಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಶರಾವತಿ ಕಣಿವೆಯ ಊರುಗಳು, ಅದಕ್ಕೂ ಮೊದಲು ಜೋಗದ ವಿದ್ಯುತ್ತಿಗಾಗಿ ಕಟ್ಟಿದ್ದ ಮಡೆನೂರಿನ ಅಣೆಕಟ್ಟೂ ನೀರಿನಡಿಗೆ ಹೋದವು. ಬೇಸಗೆಯಲ್ಲಿ ನೀರು ತೀರ ಇಳಿದಾಗ ಆ ಹಳೆಯ ಕಟ್ಟೆ ಎದ್ದು ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಮುಳುಗಡೆಯ ಬದುಕನ್ನು ಈ ಊರಿನವರೇ ಆದ ನಾ. ಡಿಸೋಜರು ಕಾದಂಬರಿಗಳಲ್ಲಿ ಹಿಡಿದರು, ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು ಸಿನಿಮಾ ಮಾಡಿದರು. ನಮ್ಮ ಕೋಣೆಗೆ ಬೇಕಾದ್ದು ಇನ್ನೂ ಊರೊಳಗೇ ಇದೆ. ಮನೆ ಬಿಚ್ಚಿ ಹೊರಟವರು ಕಂಬ, ತೊಲೆ, ಬಾಗಿಲುಗಳನ್ನು ಹೊತ್ತು ತಂದು ಹೊಸ ಮನೆಗೆ ಹಾಕಿಕೊಂಡಿದ್ದಾರೆ. ಆ ಕಂಬಗಳನ್ನು ಕೇಳಬೇಡಿ. ಅವು ಈಗಲೂ ಮಾಡು ಹೊತ್ತಿವೆ, ಹೊರಲಿ. ಗೋಡೆಯ ಮೇಲೆ ದೊಡ್ಡ ನಕ್ಷೆ ಬರೆಸಿ, ಯಾವ ಮುಳುಗಿದ ಮನೆಯ ಕಂಬ ಈಗ ಯಾವ ಊರಿನಲ್ಲಿದೆ ಎಂದು ಮನೆಯವರ ಒಪ್ಪಿಗೆಯ ಮೇಲೆ ಒಂದೊಂದಾಗಿ ಗುರುತು ಮಾಡುತ್ತಾ ಹೋಗಿ. ನೋಡಿದವರು ತಮ್ಮ ಮನೆಯ ಕಂಬವನ್ನೂ ಸೇರಿಸಲು ಬರುತ್ತಾರೆ. ಆ ನಕ್ಷೆ ತುಂಬಲು ವರ್ಷಗಳು ಹಿಡಿಯಲಿ.

ಹಿನ್ನೀರು ದಾಟಿಸುತ್ತಿದ್ದ ಲಾಂಚನ್ನು ದಾಖಲಿಸುವ ಕೆಲಸಕ್ಕೆ ಮಾತ್ರ ವರ್ಷಗಳಿಲ್ಲ. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಸೇತುವೆ 2025ರ ಜುಲೈನಲ್ಲಿ ತೆರೆಯಿತು. ತುಮರಿ ಸೀಮೆಯ ಜನ ದಶಕಗಳ ಕಾಲ ಕಾದ ಸೇತುವೆ. ಸಂಜೆಯ ಕೊನೆಯ ಲಾಂಚು ತಪ್ಪಿದರೆ ರಾತ್ರಿ ದಡದಲ್ಲೇ ಕಳೆಯಬೇಕಿದ್ದವರ, ಬಾಣಂತಿಯನ್ನು, ಹಾವು ಕಚ್ಚಿದವನನ್ನು ಕರೆದೊಯ್ಯುವಾಗ ಲಾಂಚಿಗಾಗಿ ಹೊಳೆಬಾಗಿಲಲ್ಲಿ ಕಾದು ನಿಂತವರ ಸಂತೋಷ ನಮ್ಮೆಲ್ಲರದು. ಆದರೆ ನೋಡಿ, ಬಸ್ಸು ಕಾರುಗಳನ್ನು ಹೊತ್ತು ಹೋಗುತ್ತಿದ್ದ ಆ ಬದುಕು ನಮ್ಮ ಕಣ್ಣೆದುರೇ ಚರಿತ್ರೆಯಾಯಿತು. ಟಿಕೆಟ್ಟುಗಳನ್ನು ಇನ್ನೂ ಯಾರೋ ಪುಸ್ತಕದೊಳಗೆ ಇಟ್ಟಿರುತ್ತಾರೆ, ಹೊರಡುವ ವೇಳೆಯ ಹಲಗೆ ಎಲ್ಲೋ ಮಳೆಯಲ್ಲಿ ನೆನೆಯುತ್ತಿರುತ್ತದೆ, ಲಾಂಚು ನಡೆಸಿದವರು ಇನ್ನೂ ಇದ್ದಾರೆ. ಇಪ್ಪತ್ತು ವರ್ಷದ ನಂತರ ಇದನ್ನು ಹುಡುಕಲು ಹೊರಟರೆ ಬರಿಗೈಯಲ್ಲಿ ಬರುತ್ತೇವೆ. ಇನ್ನು ಎರಡು ವಾರದೊಳಗೆ ಇಬ್ಬರು ಹುಡುಗರನ್ನು ಮೊಬೈಲು ಕೊಟ್ಟು ಹೊಳೆಬಾಗಿಲಿಗೆ ಕಳಿಸಿ. ಎಂಜಿನ್ನಿನ ಸದ್ದು ಹೇಗಿತ್ತು ಎಂದು ಅಲ್ಲಿಯ ಮಕ್ಕಳು ಬಾಯಲ್ಲೇ ಮಾಡಿ ತೋರಿಸುತ್ತಾರೆ, ಅದನ್ನೂ ಹಿಡಿದು ತನ್ನಿ.

ಮಂಗನ ಕಾಯಿಲೆಯ ಬಗ್ಗೆಯೂ ಒಂದು ಸಣ್ಣ ಕಪಾಟು ಇರಲೆಂದು ನನ್ನಾಸೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡು, ಆ ಕಾಡಿನ ಹೆಸರನ್ನೇ ಜಗತ್ತಿನ ವೈದ್ಯಕೀಯ ಪುಸ್ತಕಗಳಿಗೆ ಸೇರಿಸಿದ ರೋಗ. ಕಾಡಿಗೆ ಹೋಗುವವರು ಮೈಗೆ ಹಚ್ಚಿಕೊಳ್ಳುವ ಎಣ್ಣೆಯ ಬಾಟಲಿ ಒಂದಿದ್ದರೂ ಸಾಕು, ಮಿಕ್ಕದ್ದನ್ನು ಕಾಡಂಚಿನ ಹಳ್ಳಿಗಳವರೇ ಹೇಳುತ್ತಾರೆ.

ಕೊಳಗಕ್ಕೆ ಮರಳುತ್ತೇನೆ. ಇವತ್ತು ಬೆಳಿಗ್ಗೆ ಕಾರ್ಯದರ್ಶಿಗಳೂ ನಾನೂ ಟೇಪು ಹಿಡಿದು ಮೊದಲ ಕೋಣೆ ಅಳೆದೆವು. ಉದ್ದ 16 ಅಡಿ, ಅಗಲ 14 ಅಡಿ. 18 ಅಡಿ 6 ಅಂಗುಲದ ಹಗ್ಗ ಗೋಡೆಯಗುಂಟ ಹಿಡಿಸುವುದಿಲ್ಲ. ಬಾಗಿಲ ಪಕ್ಕದ ಮೂಲೆಯಿಂದ ಎದುರಿನ ಕಿಟಕಿಯ ಮೂಲೆಗೆ ಓರೆಯಾಗಿ ಹಾಸಿದರೆ ಹಿಡಿಸುತ್ತದೆ, ಕೊನೆಯಲ್ಲಿ ಕೊಳಗದ ಪೀಠಕ್ಕೂ ಎರಡೂವರೆ ಅಡಿ ಉಳಿಯುತ್ತದೆ. ಆ ದಾರಿಯಲ್ಲಿ ಲಾಟೀನುಗಳ ಕಪಾಟೊಂದು ಮಾತ್ರ ಇನ್ನೂ ನಿಂತಿದೆ. ಭಾರವಿದೆ, ಸರಿಸಲು ನಾಲ್ಕು ಜನ ಬೇಕು. ನಾನು ನಾಳೆ ಮಧ್ಯಾಹ್ನದ ರೈಲಿನವರೆಗೆ ಇಲ್ಲೇ ಇರುತ್ತೇನೆ.