ನಡುಗುವ ನೆಲ, ಹಿಡಿದು ನಿಲ್ಲುವ ಮಣ್ಣು

1995ರ ಜನವರಿ 17ರ ಬೆಳಗಿನ ಜಾವ 5 ಗಂಟೆ 46 ನಿಮಿಷಕ್ಕೆ ಜಪಾನಿನ ಕೋಬೆ ನಗರ ನಡುಗಿತು. 6,400ಕ್ಕೂ ಹೆಚ್ಚು ಜನ ಸತ್ತರು. ಕಂಬಗಳ ಮೇಲಿದ್ದ ಹಾನ್‌ಶಿನ್ ಹೆದ್ದಾರಿಯ 600 ಮೀಟರಿಗೂ ಉದ್ದದ ಭಾಗ ಮಗ್ಗುಲಾಗಿ ಮಲಗಿತು. ಅದೇ ಊರಿನ ತನಾತ ಎಂಬಲ್ಲಿ, ಸುತ್ತಲಿನ ಮರದ ಮನೆಗಳು ನೆಲಕಚ್ಚಿದ್ದರೂ, ರೈಲುಹಳಿಯ ಪಕ್ಕದ ಸುಮಾರು ಆರು ಮೀಟರ್ ಎತ್ತರದ ಒಂದು ಗೋಡೆ ನಿಂತೇ ಇತ್ತು. 1992ರಲ್ಲಷ್ಟೇ ಕಟ್ಟಿ ಮುಗಿಸಿದ ಗೋಡೆ ಅದು. ಅತಿ ಹೆಚ್ಚು ಅಲುಗಿದ ಕಡೆ ಅದರ ತಲೆ 26 ಸೆಂಟಿಮೀಟರ್, ಬುಡ 10 ಸೆಂಟಿಮೀಟರ್ ಮುಂದಕ್ಕೆ ಸರಿದಿತ್ತು. ಬೀಳಲಿಲ್ಲ.

ವಿನ್ಯಾಸಕಾರರು ಲೆಕ್ಕ ಹಾಕಿದ್ದು ಗುರುತ್ವದ 0.2ರಷ್ಟು ಅಡ್ಡ ಬಲಕ್ಕೆ. ಕೋಬೆಯಲ್ಲಿ ದಾಖಲಾದ ವೇಗೋತ್ಕರ್ಷ 0.8ರಷ್ಟಿತ್ತು. ಲೆಕ್ಕಕ್ಕೂ ವಾಸ್ತವಕ್ಕೂ ನಾಲ್ಕು ಪಟ್ಟು ಅಂತರವಿದ್ದೂ ಗೋಡೆ ಉಳಿದದ್ದು ಹೇಗೆ? ಮೇಲ್ಸೇತುವೆಯ ಏರುದಾರಿಗಳನ್ನು, ಮಣ್ಣನ್ನೇ ಬಲಪಡಿಸಿ ಗೋಡೆಯಾಗಿಸುವ ಇದೇ ತತ್ತ್ವದ ಮೇಲೆ ಕಟ್ಟುತ್ತಿರುವ ನಮ್ಮ ನಗರಗಳಿಗೆ ಈ ಪ್ರಶ್ನೆ ಮುಖ್ಯ.

ಎಂಜಿನಿಯರುಗಳ ಬಾಯಲ್ಲಿ ಇಂಥ ಗೋಡೆ ‘ಆರ್‌ಇ ವಾಲ್’, ಅಂದರೆ ಬಲವರ್ಧಿತ ಮಣ್ಣಿನ ಗೋಡೆ. ಹೊರಗೆ ಕಾಣುವ ಕಾಂಕ್ರೀಟ್ ಪ್ಯಾನೆಲ್ ಭಾರ ಹೊರುವುದಿಲ್ಲ. ಒಳಗೆ ಪದರ ಪದರವಾಗಿ ಹಾಸಿದ ಉಕ್ಕಿನ ಪಟ್ಟಿ ಅಥವಾ ಜಿಯೋಗ್ರಿಡ್ ಎಂಬ ಪ್ಲಾಸ್ಟಿಕ್ ಜಾಲರಿ, ಅದರ ಮೇಲೆ ರೋಲರ್ ಹಾಯಿಸಿ ದಮ್ಮಸು ಮಾಡಿದ ಮಣ್ಣು, ಇವೆರಡರ ನಡುವಿನ ಘರ್ಷಣೆಯೇ ಗೋಡೆ. ಹುಲ್ಲು ಬೆರೆಸಿ ಮಣ್ಣಿನ ಗೋಡೆ ಹಾಕುತ್ತಿದ್ದ ನಮ್ಮ ಹಳ್ಳಿಗರಿಗೆ ಇದರ ತಿರುಳು ಗೊತ್ತಿತ್ತು. ಅದನ್ನು ಲೆಕ್ಕದ ಶಾಸ್ತ್ರವಾಗಿಸಿದವರು ಫ್ರಾನ್ಸಿನ ಎಂಜಿನಿಯರ್ ಆಂರಿ ವಿದಾಲ್, 1960ರ ದಶಕದಲ್ಲಿ.

ಭೂಕಂಪ ಬಂದಾಗ ಆಗುವುದೇನು? ಎಂಟು ಮೀಟರ್ ಎತ್ತರದ ಗೋಡೆಯನ್ನು ತೆಗೆದುಕೊಳ್ಳೋಣ. ರೂಢಿಯ ಪ್ರಕಾರ ಪಟ್ಟಿಯ ಉದ್ದ ಎತ್ತರದ 0.7 ಪಾಲಿಗೆ ಕಡಿಮೆಯಿರಬಾರದು, ಅಂದರೆ 5.6 ಮೀಟರ್. ಘನಮೀಟರಿಗೆ ಎರಡು ಟನ್ ಎಂದರೆ, ಪ್ರತಿ ಮೀಟರ್ ಉದ್ದಕ್ಕೆ ಸುಮಾರು 90 ಟನ್ ಮಣ್ಣು. ಅಡ್ಡ ಬಲ ಗುರುತ್ವದ 0.12ರಷ್ಟು ಎಂದು ಹಿಡಿದರೆ, ಈ ರಾಶಿಯಷ್ಟೇ ಹತ್ತು ಟನ್ನಿಗೂ ಮಿಕ್ಕಿ ಹೊರಕ್ಕೆ ತಳ್ಳಿಕೊಳ್ಳಬಲ್ಲದು. ಅದರ ಹಿಂದಿನ ಮಣ್ಣಿನ ಒತ್ತಡ ಬೇರೆ. ಈ ಒತ್ತಡದ ಲೆಕ್ಕವನ್ನು 1923ರ ಕಾಂತೊ ಭೂಕಂಪದ ನಂತರ ಜಪಾನಿನ ಮೊನೊನೊಬೆ ಮತ್ತು ಒಕಾಬೆ ರೂಪಿಸಿದರು. ಇಂದಿಗೂ ಅದೇ ಬಳಕೆಯಲ್ಲಿದೆ. ಜಾರುವಿಕೆ, ಉರುಳುವಿಕೆ, ಪಟ್ಟಿ ಹರಿಯುವುದು, ಪಟ್ಟಿ ಮಣ್ಣಿನಿಂದ ಕಿತ್ತುಬರುವುದು, ಇಷ್ಟನ್ನೂ ಪರಿಶೀಲಿಸಬೇಕು. ಕಂಪನ ಮೇಲೇರುತ್ತಾ ಹಿಗ್ಗುತ್ತದೆ. ಪಟ್ಟಿಗಳ ಮೇಲೆ ಮಣ್ಣಿನ ಭಾರ ಕಡಿಮೆಯಿರುವುದೂ ತಲೆಭಾಗದಲ್ಲೇ. ಹಾಗಾಗಿ ಮೇಲಿನ ಪಟ್ಟಿಗಳನ್ನು ಇನ್ನಷ್ಟು ಉದ್ದಕ್ಕೆ ಹಾಸುವುದು ವಿವೇಕ.

ತನಾತದ ಗುಟ್ಟು ಕಟ್ಟಿದ ಕ್ರಮದಲ್ಲಿತ್ತು. ಅಲ್ಲಿ ಮೊದಲು ಜಲ್ಲಿ ತುಂಬಿದ ಚೀಲಗಳನ್ನು ಅಂಚಿಗಿಟ್ಟು, ಜಿಯೋಗ್ರಿಡ್ಡಿನಿಂದ ಸುತ್ತಿ, ಮಣ್ಣನ್ನು ಪದರವಾಗಿ ಏರಿಸಿದರು. ಆ ರಾಶಿ ಕುಸಿಯುವಷ್ಟು ಕುಸಿದ ಮೇಲಷ್ಟೇ ಮುಂದೆ ಅಖಂಡ ಕಾಂಕ್ರೀಟ್ ಸುರಿದರು. ಹೀಗೆ ಮುಖವೂ ಮೈಯೂ ಒಂದಾದವು. 1999ರ ಸೆಪ್ಟೆಂಬರ್ 21ರ ತೈವಾನ್ ಭೂಕಂಪದಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯಿತು: ಬ್ಲಾಕ್‌ಗಳನ್ನು ಪೇರಿಸಿ ಕಟ್ಟಿದ ಹಲವು ಗೋಡೆಗಳು ಉದುರಿದವು. ಬ್ಲಾಕಿಗೂ ಗ್ರಿಡ್ಡಿಗೂ ನಡುವಿನ ದುರ್ಬಲ ಜೋಡಣೆ ಮತ್ತು ಪದರಗಳ ನಡುವಿನ ದೊಡ್ಡ ಅಂತರ, ಈ ಎರಡು ಕಾರಣಗಳತ್ತ ತಜ್ಞರು ಬೆರಳು ತೋರಿದರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಧವಿ ಲತಾ ಮತ್ತು ಮುರಳಿ ಕೃಷ್ಣ ಬಲವರ್ಧಿತ ಗೋಡೆಗಳ ಪುಟ್ಟ ಮಾದರಿಗಳನ್ನು ಅಲುಗಾಡುವ ಮೇಜಿನ ಮೇಲೆ ಕಟ್ಟಿ ನಡುಗಿಸಿ ನೋಡಿದ್ದಾರೆ. ಸಡಿಲವಾಗಿ ತುಂಬಿದ ಮರಳಿನ ಗೋಡೆಗಳು ಹೆಚ್ಚು ಸರಿದವು. 2016ರ ಭಾರತೀಯ ಮಾನಕದ ನಕ್ಷೆಯಲ್ಲಿ ಬೆಂಗಳೂರು ಭೂಕಂಪ ವಲಯ 2ರಲ್ಲಿತ್ತು, ದೆಹಲಿ 4ರಲ್ಲಿ, ಕಛ್ 5ರಲ್ಲಿ; ಆದರೆ ಸಡಿಲ ಮಣ್ಣಿನ ದೋಷಕ್ಕೆ ವಲಯದ ಭೇದವಿಲ್ಲ. ಅಂಥ ಮಣ್ಣಿಗೆ ನೀರಿಳಿದರೆ ಭೂಕಂಪವಿಲ್ಲದೆಯೂ, ಒಂದೇ ಮಳೆಗಾಲಕ್ಕೆ, ಪ್ಯಾನೆಲ್‌ಗಳು ಹೊಟ್ಟೆ ಉಬ್ಬಿಸಿಕೊಳ್ಳಬಹುದು. ಜೇಡಿ ಕಡಿಮೆಯಿರುವ, ನೀರು ಬಸಿಯುವ ಮಣ್ಣೇ ಬೇಕು ಎಂಬ ನಿಯಮ ಇರುವುದು ಅದಕ್ಕೇ. ಪ್ಯಾನೆಲ್ ಹಿಂದೆ ಜಲ್ಲಿಯ ಪದರ ಇಡುವುದೂ ಅದಕ್ಕೇ. ಪ್ಯಾನೆಲ್‌ಗಳ ನಡುವೆ ಬೆರಳು ತೂರುವಷ್ಟು ಸಂದು ಬಿಡುವುದು, ಅಡಿಗೆ ರಬ್ಬರ್ ದಿಂಡು ಇಡುವುದು ಕೂಡ ಅಂದಕ್ಕಲ್ಲ. ನಡುಗಿದಾಗ ಒಂದಕ್ಕೊಂದು ಬಡಿದು ಸಿಡಿಯದಿರಲಿ ಎಂದು.

ಈ ಇಡೀ ಗೋಡೆಯಲ್ಲಿ ಅತ್ಯಂತ ನಾಜೂಕಿನ ಜಾಗ ಪ್ಯಾನೆಲ್ಲಿನ ಹಿಂದಿನ ಒಂದೂವರೆ ಮೀಟರ್. ಭಾರಿ ರೋಲರ್ ಅಲ್ಲಿಗೆ ಬಂದರೆ ಪ್ಯಾನೆಲ್ ಹೊರಕ್ಕೆ ವಾಲುತ್ತದೆ. ಬಾರದಿದ್ದರೆ ಮಣ್ಣು ಸಡಿಲವಾಗಿ ಉಳಿಯುತ್ತದೆ. ಕೈಯಿಂದ ನಡೆಸುವ ಪುಟ್ಟ ಕಂಪಕ ಯಂತ್ರವನ್ನು ತೆಳು ಪದರಗಳ ಮೇಲೆ ಮತ್ತೆ ಮತ್ತೆ ಹಾಯಿಸಬೇಕು. ಪಟ್ಟಿಯ ತುದಿ ಪ್ಯಾನೆಲ್ಲಿಗೆ ಸೇರುವುದು ಅಲ್ಲೇ. ನಕ್ಷೆಯಲ್ಲಿ ಅದೊಂದು ಸಣ್ಣ ಗೆರೆ. ಸಂಜೆಯೊಳಗೆ ಇನ್ನೆರಡು ಪದರ ಏರಿಸುವ ಆತುರದಲ್ಲಿ ಮೊದಲು ಕೈಬಿಡುವುದೂ ಆ ಜಾಗವನ್ನೇ.