ಹಿಡಿತ ಮತ್ತು ಹೊಡೆತ

ಕನ್ನಡದಲ್ಲಿ 'ಹಿಡಿ' ಎಂಬುದು ಕ್ರಿಯಾಪದವೂ ಹೌದು, ನಾಮಪದವೂ ಹೌದು. ಕ್ರಿಕೆಟ್ಟಿನ ಮಾತಿಗೆ ಹೊರಟ ಪಂಡಿತನು ವ್ಯಾಕರಣದಿಂದಲೇ ತೊಡಗಿದನೆಂದು ನೀವು ನಗಬಹುದು. ಆದರೆ ಹೊಡೆತದ ಗುಣದೋಷಗಳು ಬಹುಮಟ್ಟಿಗೆ ಆ ಹಿಡಿಯಲ್ಲಿಯೇ ಹುಟ್ಟುತ್ತವೆ.

ವಿಜಯಪುರದ ಬಯಲಿನಲ್ಲಾಗಲಿ, ತಿಕೋಟಾ ಬಬಲೇಶ್ವರಗಳ ಕಡೆಯ ಎರೆನೆಲದಲ್ಲಾಗಲಿ ಹುಡುಗರ ಆಟವನ್ನು ಸ್ವಲ್ಪ ನಿಂತು ನೋಡಿರಿ. ಎಷ್ಟೋ ಸಲ ಚೆಂಡು ನೆಲ ಹಿಡಿದು ಹೋಗದೆ ಮುಗಿಲಿಗೇರಿ, ಕಾದು ನಿಂತವನ ಕೈಗೆ ಬೀಳುತ್ತದೆ. ಚಿಣಿಫಣಿಯಲ್ಲಿ ಕೋಲು ಒಂದೇ ಕೈಯದು. ಆ ರೂಢಿಯ ಬಲಗೈ ದಾಂಡಿಗೆ ಬಂದರೂ ತಾನೇ ಯಜಮಾನನೆನ್ನುತ್ತದೆ. ಬಲಗೈ ಆಟಗಾರನಿಗೆ ಎಡಗೈ ಮೇಲೆ, ಬಲಗೈ ಕೆಳಗೆ. ನೇರ ಹೊಡೆತಕ್ಕೆ ಮೇಲಿನ ಕೈ ದಾರಿ ತೋರಬೇಕು. ಕೆಳಗಿನದು ಬಲ ಕೂಡಿಸಬೇಕು. ಕೆಳಗಿನ ಕೈ ಬಿಗಿದು ಮುನ್ನುಗ್ಗಿದರೆ ದಾಂಡು ನೆಟ್ಟಗೆ ಬಾರದೆ ಅಡ್ಡ ಬೀಸುತ್ತದೆ, ಚೆಂಡು ಮೇಲಕ್ಕೇಳುತ್ತದೆ.

ಸರಿಯಾದ ಹಿಡಿಗೆ ಸುಲಭವಾದ ಉಪಾಯವುಂಟು. ನೆಲದ ಮೇಲಿನ ಕೊಡಲಿಯನ್ನು ಎತ್ತುವಂತೆ ದಾಂಡನ್ನು ಎರಡೂ ಕೈಗಳಿಂದ ಎತ್ತಿರಿ. ಹೆಬ್ಬೆರಳು ತೋರುಬೆರಳುಗಳ ನಡುವಿನ ಎರಡು ಸಂದುಗಳೂ ಒಂದೇ ಗೆರೆಯಲ್ಲಿರಬೇಕು. ಕೈಗಳು ಅಗಲಿದರೆ, ಒಂದೊಂದು ಎತ್ತು ಒಂದೊಂದು ಕಡೆಗೆ ಎಳೆದ ಬಂಡಿಯ ಗತಿ. ಕಾವಿನ ಮೇಲ್ತುದಿಯಲ್ಲಿ ಹಿಡಿದರೆ ಬೀಸು ದೊಡ್ಡದು, ದಾಂಡಿನ ತುದಿಗೆ ವೇಗ ಹೆಚ್ಚು. ಕೆಳಗೆ ಹಿಡಿದರೆ ಬೀಸು ಚಿಕ್ಕದು, ತಿರುಗಿಸುವುದು ಸುಲಭ. ಹಿಡಿತ ಅತಿ ಬಿಗಿಯಾದರೆ ಮಣಿಕಟ್ಟು ಸೆಡೆತುಕೊಳ್ಳುತ್ತದೆ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ಎದುರು ತಮ್ಮ ಮೊದಲ ಟೆಸ್ಟಿನಲ್ಲಿಯೇ 137 ಓಟ ಗಳಿಸಿದ ಭದ್ರಾವತಿಯ ಜಿ. ಆರ್. ವಿಶ್ವನಾಥರ ಆಟದ ಸೊಗಸು ಆ ಮಣಿಕಟ್ಟಿನದೇ.

ಇಷ್ಟನ್ನು ಪುಸ್ತಕದಿಂದ ಕಲಿತ ನಾನು ಒಂದು ತಪ್ಪು ಮಾಡಿದೆನು. ಬಬಲೇಶ್ವರದ ಕಡೆಯ ಹುಡುಗನೊಬ್ಬ ದಾಂಡನ್ನು ತೀರ ಕೆಳಗೆ ಹಿಡಿಯುತ್ತಿದ್ದ. ಆದರೂ ಚೆಂಡು ನೆಲ ಹಿಡಿದೇ ಹೋಗುತ್ತಿತ್ತು. ಶಾಸ್ತ್ರವಲ್ಲವೆಂದು ಅವನ ಕೈಗಳನ್ನು ಮೇಲಕ್ಕೆ ಸರಿಸಿದೆ. ಹೊಡೆತ ಕೆಟ್ಟಿತು. ಹದಿನೈದು ದಿನಗಳಲ್ಲಿ ಹುಡುಗ ಆಟಕ್ಕೆ ಬರುವುದನ್ನೇ ಬಿಟ್ಟ.

ಸಚಿನ್ ತೆಂಡೂಲ್ಕರರು ಬಾಲ್ಯದಲ್ಲಿ ಅಣ್ಣನ ದೊಡ್ಡ ದಾಂಡಿನಿಂದ ಆಡಿ, ಕೆಳಗೆ ಹಿಡಿಯುವುದನ್ನು ರೂಢಿಸಿಕೊಂಡರೆಂಬುದು ನನಗೆ ತಿಳಿದದ್ದು ಆಮೇಲೆ. ಬದಲಿಸಿ ನೋಡಿದರೂ ಅದು ಅವರಿಗೆ ಒಗ್ಗಲಿಲ್ಲ. ಹಳೆಯ ಹಿಡಿತದಿಂದಲೇ ಅವರು 2012ರ ಹೊತ್ತಿಗೆ ನೂರು ಅಂತರರಾಷ್ಟ್ರೀಯ ಶತಕಗಳನ್ನು ಪೂರೈಸಿದರು. ಟೆಸ್ಟಿನಲ್ಲಿ 99.94 ಸರಾಸರಿಯ ಬ್ರಾಡ್ಮನ್ನರ ಹಿಡಿತವೂ ರೂಢಿಯದಾಗಿರಲಿಲ್ಲ.

ನಿಮ್ಮ ಮನೆಯ ಹುಡುಗನ ಕೈ ತಿದ್ದುವ ಮೊದಲು ಅವನ ಚೆಂಡು ಹೋಗುವ ದಾರಿಯನ್ನು ನೋಡಿರಿ. ನಾನು ಅಂದು ಕೈಯನ್ನಷ್ಟೇ ನೋಡಿದ್ದೆನು.