ಗೂಗಲ್ ಅಂತ ಹೆಸರಿಟ್ಟರೆ ನಗು ಯಾಕೆ?

ಇವತ್ತು ಹೆಸರಿನ ವಿಷಯ ಮಾತಾಡೋಣ.

2020ರ ಮೇ ತಿಂಗಳು. ಇಲಾನ್ ಮಸ್ಕ್ ಮತ್ತು ಗಾಯಕಿ ಗ್ರೈಮ್ಸ್ ತಮ್ಮ ಗಂಡುಮಗುವಿಗೆ ಹೆಸರಿಟ್ಟರು. ಹೆಸರಾ ಅದು? ವೈಫೈ ಪಾಸ್‌ವರ್ಡ್ ಇದ್ದ ಹಾಗಿತ್ತು! ಮೊದಲು ಎಕ್ಸ್, ಆಮೇಲೆ ಎ ಮತ್ತು ಇ ಅಂಟಿಕೊಂಡ ಒಂದು ಅಕ್ಷರ, ಕೊನೆಗೆ ಎ-12. ಆ ಜೋಡಿ ಅಕ್ಷರದಲ್ಲಿ ಕೃತಕ ಬುದ್ಧಿಮತ್ತೆಯ ಅರ್ಥವೂ ಇದೆ, ಎ-12 ಅನ್ನೋದು ಒಂದು ವಿಮಾನ ಅಂತ ತಾಯಿಯೇ ವಿವರಿಸಿದರು. ಕ್ಯಾಲಿಫೋರ್ನಿಯಾದ ಕಾನೂನು ಒಪ್ಪಲಿಲ್ಲ. ಅಲ್ಲಿ ಜನನ ಪತ್ರದ ಹೆಸರಿನಲ್ಲಿ ಅಂಕಿ ಇರುವಂತಿಲ್ಲ. 12 ಹೋಯ್ತು, ಅದರ ಜಾಗಕ್ಕೆ ರೋಮನ್ ಅಕ್ಷರ ಬಂತು. ನಾವೇನಂದ್ವಿ? ಜೀನಿಯಸ್‌ಗಳು ಹಾಗೇ ಬಿಡಿ ಅಂದ್ವಿ.

ಈಗ ಬೆಂಗಳೂರಿನ ಪಕ್ಕಕ್ಕೇ ಬನ್ನಿ. ಬಿಡದಿ ಹತ್ತಿರದ ಭದ್ರಾಪುರ. ಅಲ್ಲಿ ಹಕ್ಕಿಪಿಕ್ಕಿ ಸಮುದಾಯದವರಿದ್ದಾರೆ. ಹಕ್ಕಿ ಹಿಡಿದು ಬದುಕುತ್ತಿದ್ದ ಅಲೆಮಾರಿಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಕಸುಬಿಗೆ ದಾರಿ ಮುಚ್ಚಿತು. ಊರಿಗೆ ಬಂದವರು ಹೊಸದಾಗಿ ಕಂಡದ್ದನ್ನು, ಇಷ್ಟವಾದದ್ದನ್ನು ಮಕ್ಕಳಿಗೆ ಹೆಸರಾಗಿ ಇಟ್ಟರು. ಕಾಫಿ, ಮೈಸೂರ್‌ಪಾಕ್, ಹೈಕೋರ್ಟ್. ಆಮೇಲೆ ಗೂಗಲ್ ಕೂಡ ಬಂತು. ಇದಕ್ಕೆ ನಾವೇನು ಮಾಡಿದ್ವಿ? ಕ್ಯಾಮೆರಾ ಹಿಡಿದು ಓಡಿದ್ವಿ. ಮೊಬೈಲಲ್ಲಿ ಹಂಚಿಕೊಂಡು ನಕ್ಕಿದ್ದೇ ನಕ್ಕಿದ್ದು.

ಅಲ್ಲ ಸ್ವಾಮಿ, ವ್ಯತ್ಯಾಸ ಏನು? ಅಲ್ಲೂ ತಂತ್ರಜ್ಞಾನದ ಹೆಸರು, ಇಲ್ಲೂ ತಂತ್ರಜ್ಞಾನದ ಹೆಸರು. ಅಪ್ಪನ ಹತ್ತಿರ ರಾಕೆಟ್ ಇದ್ದರೆ ಅದು ಪ್ರತಿಭೆ, ಗುಡಿಸಲು ಇದ್ದರೆ ತಮಾಷೆ. ನಾವು ಅಳೆಯೋದು ಹೆಸರನ್ನಲ್ಲ, ಜೇಬನ್ನು.

ಇನ್ನೊಂದು ಮಾತು. ನಮ್ಮ ಹಳ್ಳಿಗಳಲ್ಲಿ ಸಾಕಮ್ಮ ಅಂತ ಹೆಸರಿದೆ. ಎಷ್ಟೋ ಮನೆಗಳಲ್ಲಿ ಇನ್ನು ಹೆಣ್ಣು ಸಾಕಪ್ಪಾ ಅಂತಲೇ ಇಟ್ಟ ಹೆಸರದು. ಅದು ಯಾರಿಗೂ ವಿಚಿತ್ರ ಅನ್ನಿಸಲೇ ಇಲ್ಲ. ಸಾಕು ಅಂತ ಇಟ್ಟ ಹೆಸರು ಮಾಮೂಲಿ, ಆಸೆಪಟ್ಟು ಇಟ್ಟ ಗೂಗಲ್ ನಗೆಪಾಟಲು!

ಹಾಗಂತ ಏನು ಬೇಕಾದರೂ ಇಡಿ ಅಂತ ನಾನು ಹೇಳ್ತಿಲ್ಲ. ಹೆಸರು ಇಡೋದು ಅಪ್ಪ ಅಮ್ಮ, ಹೊರೋದು ಮಗು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೇ ಎಲ್ಲದಕ್ಕೂ ಬುನಾದಿ. ಶಾಲೆ, ಮತದಾರರ ಪಟ್ಟಿ, ಮದುವೆ ನೋಂದಣಿ, ಎಲ್ಲ ಕಡೆ ಅದನ್ನೇ ತೋರಿಸಬೇಕು. ನಮ್ಮ ಕಾನೂನಿನಲ್ಲಿ ಮೊದಲು ಜನನ ನೋಂದಾಯಿಸಿ, ಹೆಸರನ್ನು ಆಮೇಲೆ ಸೇರಿಸೋಕೆ ಅವಕಾಶ ಇದೆ. ಆತುರ ಬೇಡ. ಹೊಸ ಫೋನು, ಹೊಸ ಆ್ಯಪು ನಾಲ್ಕು ವರ್ಷಕ್ಕೆ ಹಳೇದಾಗುತ್ತೆ. ಮಗು ಎಂಬತ್ತು ವರ್ಷ ಬಾಳಬೇಕು.

ಆದರೆ ಹೆಸರು ಇಟ್ಟಾಯ್ತು ಅಂದ ಮೇಲೆ ಜವಾಬ್ದಾರಿ ನಮ್ಮದು. ನಾಳೆ ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗ್ತಾರೆ. ಗೂಗಲ್ ಅಂತಾರೆ. ಒಂದು ಪುಟ್ಟ ಕೈ ಮೇಲೇಳುತ್ತೆ. ಇಡೀ ಕ್ಲಾಸು ನಕ್ಕರೆ ಆ ಕೈ ಮತ್ತೆ ಯಾವ ಪ್ರಶ್ನೆಗೂ ಮೇಲೇಳಲ್ಲ. ಮಕ್ಕಳು ನಗೋದನ್ನ ಕಲಿಯೋದು ನಮ್ಮಿಂದ, ಮನೆಯಲ್ಲಿ ಈ ಟಿವಿ ಮುಂದೆ ಕೂತಾಗ. ಯೋಚನೆ ಮಾಡಿ.